ಪುಟ್ಟ ಕಾರಿನ ಪುಟ್ಟ ಪ್ರಯಾಣಿಕ

ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಮೈಸೂರಿನ ಕಡೆಗೋ ತುಮಕೂರಿನ ಕಡೆಗೋ ಹೊರಡುವ ಪುಟ್ಟ ಕಾರುಗಳನ್ನು ರಸ್ತೆಯ ಬದಿಯಲ್ಲಿ ನಿಂತು ಸ್ವಲ್ಪ ಹೊತ್ತು ಗಮನಿಸಿದರೆ ಒಂದು ನೋಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಚಾಲಕನ ಪಕ್ಕದಲ್ಲಿ ತಾಯಿ. ಅವಳ ತೊಡೆಯ ಮೇಲೆ ಮೂರು ನಾಲ್ಕು ವರ್ಷದ ಮಗು. ಇಲ್ಲವೆ, ಮುಂದಿನ ಎರಡು ಆಸನಗಳ ನಡುವಣ ಸಂದಿನಲ್ಲಿ ನಿಂತು, ಎದುರಿನ ದಾರಿಯೆಲ್ಲ ತನ್ನದೇ ಎಂಬಂತೆ ನೋಡುತ್ತಿರುವ ಮಗು. ಇಂಥ ತಾಯ್ತಂದೆಗಳನ್ನು ಅಜಾಗರೂಕರೆಂದು ಜರೆಯುವಂತಿಲ್ಲ. ಮಗುವಿನ ಬಾಯಾರಿಕೆಗೆ ನೀರು, ಹಸಿವಿಗೆ ಚಕ್ಕುಲಿ, ಬಿಸಿಲಿಗೆ ಟೋಪಿ, ಎಲ್ಲವನ್ನೂ ನೆನಪಿಟ್ಟು ತಂದವರೇ ಅವರು. ‘ನಾನು ಹಿಡಿದುಕೊಂಡಿದ್ದೇನಲ್ಲ’ ಎಂಬ ನಂಬಿಕೆಯೊಂದೇ ಅವರನ್ನು ಮೋಸಗೊಳಿಸುತ್ತಿದೆ. ಆ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲಬಲ್ಲುದೆಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ಪರೀಕ್ಷಿಸಬಹುದು. ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇರುವ ನಮ್ಮ ತರುಣ ವಾಚಕರು ಈ ಲೆಕ್ಕವನ್ನು ಮನೆಯವರ ಎದುರಿಗೆ ಮಾಡಿ ತೋರಿಸಲೂ ಬಹುದು.

ಗಂಟೆಗೆ ೫೦ ಕಿಲೋಮೀಟರು ಎಂದರೆ ನಮ್ಮ ಹೆದ್ದಾರಿಗಳಲ್ಲಿ ನಿಧಾನವೆಂದೇ ಲೆಕ್ಕ. ಸೆಕೆಂಡಿನ ಮಾನಕ್ಕೆ ಇಳಿಸಿದರೆ ಅದು ೧೩.೯ ಮೀಟರು. ಈ ವೇಗದಲ್ಲಿ ಓಡುತ್ತಿರುವ ಕಾರು ಗಟ್ಟಿಯಾದ ಅಡ್ಡಿಯೊಂದಕ್ಕೆ ಬಡಿದರೆ, ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಕಾಲದಲ್ಲಿ ನಿಂತುಬಿಡುತ್ತದೆ. ಮಗುವಿನ ತೂಕ ೧೫ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅದು ಕಾರಿನೊಡನೆಯೇ ನಿಲ್ಲಬೇಕಾದರೆ ಸೆಕೆಂಡಿಗೆ ೧೩.೯ ಮೀಟರು ವೇಗ ಅಷ್ಟೇ ಕಾಲದಲ್ಲಿ ಸೊನ್ನೆಗಿಳಿಯಬೇಕು. ನ್ಯೂಟನನ ಎರಡನೆಯ ನಿಯಮದಂತೆ ಗುಣಾಕಾರ ಮಾಡಿದರೆ ಬೇಕಾಗುವ ಬಲ ೨,೦೮೫ ನ್ಯೂಟನ್. ಎಂದರೆ ೨೧೦ ಕಿಲೋಗ್ರಾಮಿಗಿಂತ ತುಸು ಹೆಚ್ಚಿನ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ. ಐವತ್ತು ಕಿಲೋಗ್ರಾಮಿನ ನಾಲ್ಕು ಸಿಮೆಂಟು ಮೂಟೆಗಳನ್ನು, ಮುನ್ಸೂಚನೆಯೇ ಇಲ್ಲದೆ, ಚಾಚಿದ ತೋಳುಗಳಿಂದ ಹಿಡಿಯಬಲ್ಲ ತಾಯಿಯನ್ನು ನಾವು ಕಂಡಿಲ್ಲ, ಜಟ್ಟಿಗಳಲ್ಲಿಯೂ ಕಂಡಿಲ್ಲ.

ಇದನ್ನೇ ಇನ್ನೊಂದು ರೀತಿಯಲ್ಲಿಯೂ ಹೇಳಬಹುದು. ಮೇಲಿನಿಂದ ಬೀಳುವ ವಸ್ತುವಿಗೆ ನೆಲ ಮುಟ್ಟುವಾಗ ಸೆಕೆಂಡಿಗೆ ೧೩.೯ ಮೀಟರು ವೇಗ ಬರಬೇಕಾದರೆ ಅದು ೯.೮ ಮೀಟರು ಎತ್ತರದಿಂದ ಬೀಳಬೇಕು. ಮೂರು ಅಂತಸ್ತಿನ ಮನೆಯ ತಾರಸಿ ಹೆಚ್ಚುಕಡಿಮೆ ಅಷ್ಟೇ ಎತ್ತರ. ಮಗುವನ್ನು ಎತ್ತಿಕೊಂಡು ತಾರಸಿಯ ಅಂಚಿನಲ್ಲಿ ನಿಲ್ಲಲು ಹೆದರುವವರು ಅಷ್ಟೇ ಅಪಾಯವನ್ನು ಕಾರಿನೊಳಗೆ ಕುಳಿತಾಗ ಕಾಣುವುದಿಲ್ಲ. ಎತ್ತರ ಕಣ್ಣಿಗೆ ಕಾಣುತ್ತದೆ, ವೇಗ ಕಾಣುವುದಿಲ್ಲ.

ಮಗುವನ್ನು ಹಿಡಿದವರು ತಾವೇ ಸೀಟ್ ಬೆಲ್ಟು ಕಟ್ಟಿರದಿದ್ದರೆ ಗತಿ ಇನ್ನೂ ಕೆಟ್ಟದು. ೫೫ ಕಿಲೋಗ್ರಾಂ ತೂಕದ ದೇಹ ಅದೇ ವೇಗದಿಂದ ಮುಂದಕ್ಕೆ ಚಿಮ್ಮುತ್ತದೆ. ಅದರ ಮುಂದೆ ಇರುವುದು ಮಗು, ಮಗುವಿನ ಮುಂದೆ ಇರುವುದು ಡ್ಯಾಷ್‌ಬೋರ್ಡು. ತಾಯಿಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟನ್ನು ಸುತ್ತುವ ಜಾಣತನವನ್ನೂ ಕೆಲವರು ತೋರುವುದುಂಟು. ಆಗ ತಾಯಿಯನ್ನು ತಡೆಯಲು ಬೇಕಾದ ಬಲವೆಲ್ಲ, ಎಂದರೆ ಮುಕ್ಕಾಲು ಟನ್ನಿಗೂ ಮಿಕ್ಕ ಭಾರ, ಮಗುವಿನ ಎದೆ ಹೊಟ್ಟೆಗಳ ಮೂಲಕವೇ ಹಾಯಬೇಕಾಗುತ್ತದೆ. ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನ ದೇಹಕ್ಕೆ ಕಟ್ಟುವ ಪಟ್ಟಿಯನ್ನು ೨೦೨೨ರ ಫೆಬ್ರುವರಿಯಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ನಿಯಮ ವಿಧಿಸಿದೆಯಷ್ಟೆ. ಅದನ್ನೇ ತಂದು ಕಾರಿನಲ್ಲಿ ಬಳಸಬಾರದೆನ್ನುವುದು ಈ ಕಾರಣದಿಂದಲೇ.

ಈ ಸಂಗತಿ ಕಾನೂನು ಮಾಡುವವರಿಗೂ ಒಮ್ಮೆಲೇ ಮನದಟ್ಟಾಗಲಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರ ಅವಿರತ ಪ್ರಯತ್ನದಿಂದ ೧೯೭೭ರಲ್ಲಿ ಆ ದೇಶದ ಪ್ರಥಮ ಶಿಶುಪ್ರಯಾಣ ಕಾಯಿದೆ ಮಂಜೂರಾಯಿತು. ಆದರೆ ಅದರೊಳಗೆ ಒಂದು ವಿನಾಯಿತಿ ನುಸುಳಿತು: ದೊಡ್ಡವರು ತೋಳಿನಲ್ಲಿ ಹಿಡಿದುಕೊಂಡ ಮಗುವಿಗೆ ಸೀಟು ಬೇಡ! ವೈದ್ಯರು ಈ ವಿನಾಯಿತಿಗೆ ‘ಮಗುವನ್ನು ಜಜ್ಜುವ ತಿದ್ದುಪಡಿ’ ಎಂಬ ಹೆಸರಿಟ್ಟರು. ಅದನ್ನು ತೆಗೆದುಹಾಕಲು ೧೯೮೧ರವರೆಗೆ ಹೋರಾಡಬೇಕಾಯಿತು. ೧೯೮೫ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳೂ ಇಂಥ ಕಾಯಿದೆಯನ್ನು ಮಾಡಿದ್ದವು.

ನಿಲ್ಲಲು ಬೇಕಾದ ಜಾಗ

ಅಪಘಾತದಲ್ಲಿ ಪೆಟ್ಟು ಬೀಳುವುದು ವೇಗದಿಂದಲ್ಲ, ವೇಗ ಕಳೆಯುವ ರೀತಿಯಿಂದ. ಬ್ರೇಕನ್ನು ಮೆಲ್ಲನೆ ಒತ್ತಿದಾಗ ಅದೇ ೫೦ ಕಿಲೋಮೀಟರು ವೇಗ ಹತ್ತಾರು ಮೀಟರುಗಳಲ್ಲಿ ಕರಗಿಹೋಗುತ್ತದೆ. ಮಗು ನಿದ್ದೆಯಿಂದ ಏಳುವುದೂ ಇಲ್ಲ. ಗೋಡೆಗೆ ಬಡಿದಾಗ ಕಾರಿನ ಮೂತಿ ನಜ್ಜುಗುಜ್ಜಾಗುತ್ತ ಹೋಗುವ ಸುಮಾರು ೭೦ ಸೆಂಟಿಮೀಟರಿನಲ್ಲಿ ಆ ವೇಗವೆಲ್ಲ ಕಳೆಯಬೇಕು. ಸಮನಾಗಿ ಕಳೆದರೆ ಆಗುವ ವೇಗಾಪಕರ್ಷ ಭೂಮಿಯ ಗುರುತ್ವದ ೧೪ ಪಟ್ಟು. ಕಟ್ಟದೆ ಬಿಟ್ಟ ಮಗುವಿಗಾದರೋ ಈ ೭೦ ಸೆಂಟಿಮೀಟರಿನ ಪ್ರಯೋಜನವೇ ಸಿಗುವುದಿಲ್ಲ. ಕಾರು ನಿಲ್ಲುತ್ತಿದ್ದರೂ ಅದು ಜಡತ್ವದಿಂದ ಮುಂದೆ ಹೋಗುತ್ತಲೇ ಇರುತ್ತದೆ. ಡ್ಯಾಷ್‌ಬೋರ್ಡನ್ನು ಮುಟ್ಟುವ ವೇಳೆಗೆ ಕಾರು ಬಹುಮಟ್ಟಿಗೆ ನಿಂತಿರುತ್ತದೆ. ಐದು ಸೆಂಟಿಮೀಟರು ಬಾಗುವ ಡ್ಯಾಷ್‌ಬೋರ್ಡಿನಲ್ಲಿ ಅದೇ ವೇಗ ಕಳೆಯಬೇಕಾದರೆ ವೇಗಾಪಕರ್ಷ ಗುರುತ್ವದ ಸುಮಾರು ೨೦೦ ಪಟ್ಟಿಗೆ ಏರುತ್ತದೆ. ಅದೂ ತಲೆಗೆ.

ಮನುಷ್ಯದೇಹ ಎಷ್ಟನ್ನು ತಡೆಯಬಲ್ಲುದು? ಇದನ್ನು ತಿಳಿಯಲು ತನ್ನ ದೇಹವನ್ನೇ ಒಡ್ಡಿದವನು ಜಾನ್ ಪಾಲ್ ಸ್ಟ್ಯಾಪ್ ಎಂಬ ಅಮೆರಿಕದ ವಾಯುಸೇನೆಯ ವೈದ್ಯ. ೧೯೫೪ರ ಡಿಸೆಂಬರ್ ೧೦ರಂದು ನ್ಯೂ ಮೆಕ್ಸಿಕೋದ ಹಾಲೊಮನ್ ನೆಲೆಯಲ್ಲಿ ಹಳಿಗಳ ಮೇಲೆ ಓಡುವ ರಾಕೆಟ್ ಬಂಡಿಯೊಂದರಲ್ಲಿ ಆತ ಗಂಟೆಗೆ ೧,೦೧೭ ಕಿಲೋಮೀಟರು ವೇಗವನ್ನು ಮುಟ್ಟಿ, ೧.೪ ಸೆಕೆಂಡಿನಲ್ಲಿ ನಿಂತ. ಆಗ ಅವನ ದೇಹ ಅನುಭವಿಸಿದ ಗರಿಷ್ಠ ವೇಗಾಪಕರ್ಷ ಗುರುತ್ವದ ೪೬ ಪಟ್ಟು. ಕಣ್ಣಿನ ರಕ್ತನಾಳಗಳು ಒಡೆದು ಸ್ವಲ್ಪ ಕಾಲ ದೃಷ್ಟಿ ಹೋದುದು ನಿಜ. ಆದರೆ ಅದು ಮರಳಿತು, ಮತ್ತು ಆತ ೧೯೯೯ರವರೆಗೆ, ೮೯ ವರ್ಷ ಬದುಕಿದ. ಅವನನ್ನು ಉಳಿಸಿದುದು ಹೆಗಲು, ಎದೆ, ಸೊಂಟ, ತೊಡೆಗಳ ಗಟ್ಟಿಯಾದ ಭಾಗಗಳ ಮೇಲೆ ಹರಡಿ ಬಿಗಿದ ಪಟ್ಟಿಗಳು. ಪಟ್ಟಿ ಕಟ್ಟಿದ ಮನುಷ್ಯ ಊಹಿಸಿದುದಕ್ಕಿಂತ ಬಹಳ ಗಟ್ಟಿ ಎಂಬುದನ್ನು ಸ್ಟ್ಯಾಪ್ ತೋರಿಸಿಕೊಟ್ಟ. ಮುಂದೆ ಕಾರುಗಳಲ್ಲಿ ಬೆಲ್ಟು ಇರಬೇಕೆಂದು ವಾದಿಸಿದವರಲ್ಲಿ ಆತನೂ ಪ್ರಮುಖ.

ಹಾಗಾದರೆ ಪಟ್ಟಿಯ ನಿಜವಾದ ಕೆಲಸವೇನು? ಮಗುವನ್ನು ಆಸನಕ್ಕೆ ಅಂಟಿಸುವುದಷ್ಟೇ ಅಲ್ಲ. ಕಾರು ನಿಲ್ಲತೊಡಗಿದ ಕ್ಷಣದಿಂದಲೇ ಮಗುವೂ ನಿಲ್ಲತೊಡಗುವಂತೆ ಮಾಡುವುದು. ಪಟ್ಟಿ ಸಡಿಲವಾಗಿದ್ದರೆ ಆ ಕ್ಷಣ ಕೈತಪ್ಪಿ ಹೋಗುತ್ತದೆ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಮಗುವಿಗೂ ಕಾರಿಗೂ ನಡುವೆ ಒಟ್ಟು ಹತ್ತು ಸೆಂಟಿಮೀಟರು ಸಡಿಲವಿದ್ದರೆ, ಆ ಸಡಿಲ ತೀರುವಷ್ಟರಲ್ಲಿ ಕಾರಿನ ವೇಗ ಗಂಟೆಗೆ ಸುಮಾರು ೧೯ ಕಿಲೋಮೀಟರಿನಷ್ಟು ಕುಗ್ಗಿರುತ್ತದೆ. ಮಗುವಿನ ವೇಗ ಮಾತ್ರ ಹಾಗೆಯೇ ಇರುತ್ತದೆ. ಎಂದರೆ ಮಗು ತನ್ನ ಪಟ್ಟಿಗೇ ೧೯ ಕಿಲೋಮೀಟರು ವೇಗದಿಂದ ಅಪ್ಪಳಿಸಿದಂತಾಯಿತು. ಸಡಿಲವನ್ನು ಎರಡು ಸೆಂಟಿಮೀಟರಿಗೆ ಇಳಿಸಿದರೆ ಈ ವೇಗ ಎಂಟೂವರೆಗೆ ಇಳಿಯುತ್ತದೆ. ಸೀಟಿನ ಆಯ್ಕೆಯ ಬಗೆಗೆ ನಾವು ಮುಂದೆ ಹೇಳಲಿರುವುದೆಲ್ಲ ಈ ಎಂಟು ಸೆಂಟಿಮೀಟರುಗಳನ್ನು ಉಳಿಸುವ ವಿಚಾರವೇ.

ಸಣ್ಣ ಕಾರಿನ ಕಷ್ಟ

ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಒಂದು ಟನ್ನಿಗಿಂತ ಕಡಿಮೆ ತೂಕದ ಕಾರು ನಮ್ಮ ದೇಶದ ಮಧ್ಯಮವರ್ಗದ ಆಪ್ತವಾಹನ. ಇಂಧನ ಉಳಿಸುವುದರಲ್ಲಿ, ಇಕ್ಕಟ್ಟಾದ ಬೀದಿಗಳಲ್ಲಿ ತಿರುಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ಮೂತಿ ಗಿಡ್ಡ; ನಜ್ಜುಗುಜ್ಜಾಗಿ ವೇಗವನ್ನು ಕಳೆಯಲು ಇರುವ ಜಾಗ ಕಡಿಮೆ. ಎದುರಿಗೆ ಬರುವುದು ಗೋಡೆಯಾಗದೆ ಇನ್ನೊಂದು ವಾಹನವಾದರೆ ತೂಕದ ಕಷ್ಟವೂ ಸೇರಿಕೊಳ್ಳುತ್ತದೆ. ೮೦೦ ಕಿಲೋಗ್ರಾಮಿನ ಕಾರು, ೧,೬೦೦ ಕಿಲೋಗ್ರಾಮಿನ ಕಾರು, ಎರಡೂ ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಎದುರುಬದರಾಗಿ ಬಡಿದು ಒಂದಕ್ಕೊಂದು ಕಚ್ಚಿಕೊಂಡವೆಂದು ಭಾವಿಸಿರಿ. ಸಂವೇಗ ಸಂರಕ್ಷಣೆಯ ನಿಯಮದಂತೆ ಎರಡೂ ಸೇರಿ ದೊಡ್ಡ ಕಾರು ಹೋಗುತ್ತಿದ್ದ ದಿಕ್ಕಿನಲ್ಲಿಯೇ ಸುಮಾರು ೧೭ ಕಿಲೋಮೀಟರು ವೇಗದಿಂದ ಸಾಗುತ್ತವೆ. ದೊಡ್ಡ ಕಾರಿನವರ ವೇಗದಲ್ಲಿ ಆದ ವ್ಯತ್ಯಾಸ ೩೩. ಸಣ್ಣ ಕಾರಿನವರದು ೬೭, ಏಕೆಂದರೆ ಅವರು ನಿಂತುದಷ್ಟೇ ಅಲ್ಲ, ಹಿಂದಕ್ಕೂ ತಳ್ಳಲ್ಪಟ್ಟರು. ಒಂದೇ ಅಪಘಾತ, ಪೆಟ್ಟು ಮಾತ್ರ ಎರಡು ಪಟ್ಟು.

೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಜನಪ್ರಿಯ ಪುಟ್ಟ ಕಾರುಗಳ ಅಗ್ಗದ ಮಾದರಿಗಳನ್ನು ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ಬಡಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೆ ಐದೂ ಸೊನ್ನೆ ನಕ್ಷತ್ರ ಪಡೆದುವು. ಆ ಬಳಿಕ ಸುಧಾರಣೆ ಆಗಿದೆಯೆನ್ನುವುದನ್ನು ಹೇಳಲೇಬೇಕು: ೨೦೧೭ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಡಿಕ್ಕಿಯ ಪರೀಕ್ಷೆ ಕಡ್ಡಾಯವಾಯಿತು, ೨೦೨೩ರಲ್ಲಿ ‘ಭಾರತ್ ಎನ್‌ಕ್ಯಾಪ್’ ಎಂಬ ನಮ್ಮದೇ ನಕ್ಷತ್ರಪದ್ಧತಿ ಆರಂಭವಾಯಿತು. ಇದರಲ್ಲಿ ಹದಿನೆಂಟು ತಿಂಗಳಿನ ಮಗುವನ್ನೂ ಮೂರು ವರ್ಷದ ಮಗುವನ್ನೂ ಹೋಲುವ ಎರಡು ಬೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಿ ಪರೀಕ್ಷಿಸುತ್ತಾರೆ. ಕಾರು ಕೊಳ್ಳುವವರು ದೊಡ್ಡವರ ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗದೆ ಮಕ್ಕಳ ಅಂಕಗಳನ್ನೂ ನೋಡುವುದು ಲೇಸು. ಎರಡೂ ಬೇರೆ ಬೇರೆ. ಈಗಾಗಲೇ ಮನೆಯ ಮುಂದೆ ನಿಂತಿರುವ ಹಳೆಯ ಪುಟ್ಟ ಕಾರಿನವರಾದರೋ, ಮೂತಿಯ ಉದ್ದವನ್ನು ಹೆಚ್ಚಿಸಲಾರರು. ಅವರ ಕೈಯಲ್ಲಿರುವುದು ಸೀಟು ಮತ್ತು ಪಟ್ಟಿ.

ಮಗುವೆಂದರೆ ಚಿಕ್ಕ ಅಳತೆಯ ದೊಡ್ಡವನಲ್ಲ

ಕಾರಿನಲ್ಲಿರುವ ಬೆಲ್ಟು ಮಗುವಿಗೇಕೆ ಸಾಲದು? ಮೂರು ಬಿಂದುಗಳಲ್ಲಿ ಹಿಡಿಯುವ ಈ ಬೆಲ್ಟನ್ನು ೧೯೫೯ರಲ್ಲಿ ಸ್ವೀಡನ್ನಿನ ವೋಲ್ವೊ ಕಾರಖಾನೆಯ ನಿಲ್ಸ್ ಬೋಲಿನ್ ರೂಪಿಸಿದ. ಅದಕ್ಕೆ ಮೊದಲು ಆತ ವಿಮಾನಗಳಿಂದ ಚಾಲಕರನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡುತ್ತಿದ್ದವನು. ಅದು ಮಹೋಪಕಾರದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನಿಂತಿರುವುದು ದೊಡ್ಡವರ ಎಲುಬುಗಳ ಮೇಲೆ. ಸೊಂಟದ ಮುಂಭಾಗದಲ್ಲಿ ಎರಡು ಬದಿಗಳಲ್ಲಿಯೂ ಕೈಗೆ ಸಿಗುವ ಎಲುಬಿನ ಏಣುಗಳುಂಟಲ್ಲ, ಬೆಲ್ಟಿನ ಕೆಳಗಣ ಎಳೆ ಅವುಗಳಿಗೆ ಸಿಕ್ಕಿ ನಿಲ್ಲುತ್ತದೆ. ನಾಲ್ಕು ವರ್ಷದ ಮಗುವಿನಲ್ಲಿ ಈ ಏಣುಗಳು ಇನ್ನೂ ಬೆಳೆದೇ ಇರುವುದಿಲ್ಲ. ಬೆಲ್ಟು ಮೇಲಕ್ಕೆ ಜಾರಿ ಮೆತ್ತನೆಯ ಹೊಟ್ಟೆಯನ್ನು ಒತ್ತುತ್ತದೆ. ಒಳಗೆ ಯಕೃತ್ತು, ಗುಲ್ಮ, ಕರುಳು. ಮೇಲಣ ಎಳೆಯೋ, ಹೆಗಲಿನ ಮೇಲೆ ಹಾಯುವ ಬದಲು ಕುತ್ತಿಗೆಯನ್ನು ಉಜ್ಜುತ್ತದೆ. ಉಜ್ಜಿದ ಬೆಲ್ಟನ್ನು ಮಗು ಕಂಕುಳಿನ ಕೆಳಗೆ ತಳ್ಳುತ್ತದೆ. ಅಲ್ಲಿಗೆ ಬೆಲ್ಟಿನ ಕಥೆ ಮುಗಿಯಿತು.

ತಲೆಯ ಮಾತು ಇನ್ನೂ ಮುಖ್ಯ. ಹುಟ್ಟಿದ ಮಗುವಿನ ತಲೆ ದೇಹದ ಉದ್ದದ ನಾಲ್ಕನೆಯ ಒಂದು ಪಾಲು. ವಯಸ್ಕನಲ್ಲಿ ಅದು ಎಂಟನೆಯ ಒಂದು ಪಾಲಿನ ಸುಮಾರಿಗೆ ಬರುತ್ತದೆ. ಮೂರು ವರ್ಷದ ಮಗು ಈ ಎರಡರ ನಡುವೆ ಇದೆ. ಭಾರವಾದ ಈ ತಲೆಯನ್ನು ಹೊತ್ತ ಕುತ್ತಿಗೆಯ ಕಶೇರುಗಳು ಒಂದೊಂದೂ ಹುಟ್ಟುವಾಗ ತುಂಡು ತುಂಡಾಗಿದ್ದು, ಮೃದ್ವಸ್ಥಿಯಿಂದ ಅಂಟಿಕೊಂಡಿರುತ್ತವೆ. ಆ ತುಂಡುಗಳು ಬೆಸೆದುಕೊಳ್ಳುವುದು ಬಹುಮಟ್ಟಿಗೆ ಮೂರರಿಂದ ಆರು ವರ್ಷಗಳ ನಡುವೆ. ಮುಂದಕ್ಕೆ ಮುಖಮಾಡಿ ಕುಳಿತ ಮಗುವಿನ ಮುಂಡವನ್ನು ಪಟ್ಟಿ ಹಿಡಿದರೂ ತಲೆ ಮುಂದಕ್ಕೆ ಜಗ್ಗುತ್ತದೆ, ಕುತ್ತಿಗೆ ಹಿಗ್ಗುತ್ತದೆ. ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ೧೯೬೪ರ ಸುಮಾರಿಗೆ ಇದಕ್ಕೊಂದು ಉಪಾಯ ಹೂಡಿದ. ಜೆಮಿನಿ ಗಗನಯಾನಿಗಳು ಉಡ್ಡಯನದ ಒತ್ತಡವನ್ನು ಬೆನ್ನ ಮೇಲೆ ಹೊತ್ತು ಒರಗಿರುವುದನ್ನು ಗಮನಿಸಿದ ಆತ, ಮಗುವಿನ ಸೀಟನ್ನು ಕಾರಿನ ಹಿಂಬದಿಗೆ ಮುಖಮಾಡಿ ಇಟ್ಟರೆ ತಲೆ, ಕುತ್ತಿಗೆ, ಬೆನ್ನುಗಳನ್ನು ಸೀಟಿನ ಬೆನ್ನು ಒಟ್ಟಿಗೇ ತಡೆಯುವುದೆಂದು ಕಂಡುಕೊಂಡ. ಇಂದಿಗೂ ಸ್ವೀಡನ್ನಿನಲ್ಲಿ ಮಕ್ಕಳು ನಾಲ್ಕು ವರ್ಷದವರೆಗೆ ಹಿಮ್ಮುಖವಾಗಿಯೇ ಪ್ರಯಾಣ ಮಾಡುವುದು ವಾಡಿಕೆ. ಕಾಲು ಮಡಚಬೇಕಾಗುತ್ತದಲ್ಲ ಎಂದು ಮರುಗುವವರುಂಟು. ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ.

ಹಿಮ್ಮುಖವಾಗಲಿ ಮುಮ್ಮುಖವಾಗಲಿ, ಈ ವಯಸ್ಸಿಗೆ ಬೇಕಾದುದು ಅಂಗಡಿಯವರು ‘ಹಾರ್ನೆಸ್’ ಎನ್ನುವ ಐದೆಳೆಯ ಪಟ್ಟಿ. ಕುದುರೆಯ ಸಜ್ಜಿಗೂ ಆ ಭಾಷೆಯಲ್ಲಿ ಇದೇ ಹೆಸರು. ಎರಡು ಎಳೆ ಹೆಗಲುಗಳ ಮೇಲೆ, ಎರಡು ಸೊಂಟದ ಇಕ್ಕೆಲಗಳಲ್ಲಿ, ಒಂದು ಕಾಲುಗಳ ನಡುವೆ. ಐದನೆಯ ಎಳೆ ಅಲಂಕಾರಕ್ಕಲ್ಲ: ಸೊಂಟದ ಎಳೆಗಳು ಹೊಟ್ಟೆಯ ಮೇಲಕ್ಕೆ ಜಾರದಂತೆ ಅವನ್ನು ಕೆಳಕ್ಕೆ ಎಳೆದು ಹಿಡಿಯುವುದೂ, ಮಗು ಕೆಳಗಿನಿಂದ ನುಸುಳದಂತೆ ತಡೆಯುವುದೂ ಅದೇ.

ಅಂಗಡಿಗೆ ಹೋಗುವ ಮುನ್ನ

ಸೀಟು ಕೊಳ್ಳಲು ಹೊರಡುವವರು ಹಣದ ಚೀಲದೊಡನೆ ಅಳತೆಯ ಟೇಪನ್ನೂ ಒಯ್ಯಬೇಕು. ಮೊದಲು ಮಗುವನ್ನು ಅಳೆಯಿರಿ. ವಯಸ್ಸಲ್ಲ, ತೂಕ ಮತ್ತು ಎತ್ತರ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಂತೆ ಮೂರು ವರ್ಷದ ಹುಡುಗನ ಮಧ್ಯಮ ತೂಕ ೧೪.೩ ಕಿಲೋಗ್ರಾಂ, ಎತ್ತರ ೯೬ ಸೆಂಟಿಮೀಟರು; ಐದು ವರ್ಷಕ್ಕೆ ೧೮.೩ ಕಿಲೋಗ್ರಾಂ, ೧೧೦ ಸೆಂಟಿಮೀಟರು. ಹುಡುಗಿಯರದು ಇದಕ್ಕಿಂತ ತುಸು ಕಡಿಮೆ. ಗೋಡೆಗೆ ಒರಗಿಸಿ ಕೂರಿಸಿ, ನೆಲದಿಂದ ಹೆಗಲಿನವರೆಗಿನ ಎತ್ತರವನ್ನೂ ಗುರುತು ಮಾಡಿಕೊಳ್ಳಿರಿ. ಎಷ್ಟೋ ಮಕ್ಕಳು ತೂಕದ ಮಿತಿಯನ್ನು ಮುಟ್ಟುವ ಮೊದಲೇ ಹೆಗಲಿನ ಎತ್ತರದಿಂದ ಸೀಟನ್ನು ಮೀರಿ ಬೆಳೆಯುತ್ತವೆ.

ನಮ್ಮ ದೇಶದ ಎಐಎಸ್ ೦೭೨ ಎಂಬ ಮಾನಕವೂ ಅದಕ್ಕೆ ಮಾದರಿಯಾದ ಯೂರೋಪಿನ ೪೪ನೆಯ ನಿಯಮವೂ ಸೀಟುಗಳನ್ನು ತೂಕದಂತೆ ಗುಂಪು ಮಾಡಿವೆ. ಒಂದನೆಯ ಗುಂಪು ೯ರಿಂದ ೧೮ ಕಿಲೋಗ್ರಾಂ. ಎರಡನೆಯದು ೧೫ರಿಂದ ೨೫. ಮೂರನೆಯದು ೨೨ರಿಂದ ೩೬. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘೯ರಿಂದ ೩೬ ಕಿಲೋಗ್ರಾಂ’ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಸೀಟುಗಳಲ್ಲಿ ಪಟ್ಟಿಯನ್ನು ಬಳಸಬಹುದಾದುದು ಸಾಮಾನ್ಯವಾಗಿ ೧೮ ಕಿಲೋಗ್ರಾಮಿನವರೆಗೆ ಮಾತ್ರ. ಆಮೇಲೆ ಪಟ್ಟಿಯನ್ನು ಬಿಚ್ಚಿ ಕಾರಿನ ಬೆಲ್ಟನ್ನೇ ಉಪಯೋಗಿಸಬೇಕು. ಆದಕಾರಣ ಸೀಟಿನ ಮಿತಿಯನ್ನು ಕೇಳದೆ ಪಟ್ಟಿಯ ಮಿತಿಯನ್ನು ಕೇಳಬೇಕು. ಮೂರು ವರ್ಷದ ಮಗು ೧೫ ಕಿಲೋಗ್ರಾಂ ತೂಗಿತೆಂದು ಎರಡನೆಯ ಗುಂಪಿನ ಪಟ್ಟಿಯಿಲ್ಲದ ಎತ್ತರದ ಮಣೆಗೆ ಅದನ್ನು ದಾಟಿಸುವುದೂ ಸರಿಯಲ್ಲ. ನಿದ್ದೆಯಲ್ಲಿ ಪಕ್ಕಕ್ಕೆ ಒರಗುವ, ಬೆಲ್ಟಿನಿಂದ ನುಸುಳುವ ವಯಸ್ಸು ಅದು. ೨೦೧೩ರಲ್ಲಿ ಯೂರೋಪಿನಲ್ಲಿ ಜಾರಿಗೆ ಬಂದ ೧೨೯ನೆಯ ನಿಯಮ ತೂಕಕ್ಕೆ ಬದಲು ಎತ್ತರವನ್ನು ಆಧಾರವಾಗಿ ಇಟ್ಟುಕೊಂಡು, ಪಕ್ಕದಿಂದ ಬೀಳುವ ಪೆಟ್ಟಿನ ಪರೀಕ್ಷೆಯನ್ನೂ ಸೇರಿಸಿತು. ಎರಡು ಸೀಟುಗಳು ಸಮಬೆಲೆಗೆ ಸಿಕ್ಕಿದರೆ ಈ ಅಂಕೆಯಿರುವುದನ್ನು ಆರಿಸಬಹುದು.

ಆಮೇಲೆ ಕಾರನ್ನು ಅಳೆಯಿರಿ. ದೊಡ್ಡ ಕಾರಿನವರು ಉದಾಸೀನ ಮಾಡಬಹುದಾದ ಈ ಕೆಲಸವೇ ಸಣ್ಣ ಕಾರಿನವರಿಗೆ ನಿರ್ಣಾಯಕ. ಹಿಂಬದಿಯ ಆಸನದಲ್ಲಿ ಬಾಗಿಲಿನಿಂದ ಬಾಗಿಲಿಗೆ ೧೨೦ ಸೆಂಟಿಮೀಟರು ಅಗಲವಿದ್ದು, ಸೀಟು ೪೫ ಸೆಂಟಿಮೀಟರು ತೆಗೆದುಕೊಂಡರೆ ಅಜ್ಜಿ ಅಜ್ಜ ಇಬ್ಬರಿಗೂ ಉಳಿಯುವುದು ೭೫. ಸೀಟು ೫೦ ಸೆಂಟಿಮೀಟರಾದರೆ ಒಬ್ಬರು ಬಸ್ಸಿಗೆ ಹೋಗಬೇಕಾದೀತು. ಹಿಮ್ಮುಖವಾಗಿ ಇಡುವ ಸೀಟಿಗೆ ಅಗಲಕ್ಕಿಂತ ಮುಂದುಹಿಂದಿನ ಉದ್ದ ಹೆಚ್ಚು ಬೇಕು. ಅದು ಮುಂದಿನ ಆಸನವನ್ನು ಮುಂದಕ್ಕೆ ದೂಡುತ್ತದೆ. ಚಾಲಕನ ಹಿಂದೆ ಇಟ್ಟು ಚಾಲಕನ ಮೊಣಕಾಲುಗಳನ್ನು ಮಡಚುವುದು ಅಪಾಯ. ಎಡಬದಿಯ ಆಸನದ ಹಿಂದೆ ಇಡುವುದೇ ನಮ್ಮ ರಸ್ತೆಗಳಿಗೆ ಅನುಕೂಲ. ಮಗುವನ್ನು ಕಾಲುದಾರಿಯ ಕಡೆಯಿಂದಲೇ ಇಳಿಸಬಹುದು. ನಟ್ಟನಡುವಣ ಸ್ಥಳ ಎರಡು ಬಾಗಿಲುಗಳಿಂದಲೂ ದೂರವಿರುವುದರಿಂದ ತತ್ತ್ವತಃ ಉತ್ತಮ. ಆದರೆ ಎಷ್ಟೋ ಪುಟ್ಟ ಕಾರುಗಳಲ್ಲಿ ಅಲ್ಲಿ ಆಸನ ಉಬ್ಬಿರುತ್ತದೆ, ಬೆಲ್ಟು ಸೊಂಟಕ್ಕೆ ಮಾತ್ರ ಇರುತ್ತದೆ. ಸೀಟು ಅಲ್ಲಾಡುತ್ತಿದ್ದರೆ ಉತ್ತಮ ಸ್ಥಳದಿಂದ ಬಂದ ಪ್ರಯೋಜನವೇನು? ಮುಂದಿನ ಆಸನದ ವಿಚಾರವೇ ಬೇಡ. ಎದುರಿಗೆ ಏರ್‌ಬ್ಯಾಗು ಇದ್ದಲ್ಲಿ ಹಿಮ್ಮುಖದ ಸೀಟನ್ನು ಇಡುವುದೆಂದರೆ, ಸಿಡಿದು ಬರುವ ಚೀಲಕ್ಕೆ ಮಗುವಿನ ತಲೆಯ ಹಿಂಭಾಗವನ್ನು ಒಡ್ಡಿದಂತೆ.

ಸೀಟನ್ನು ಕಾರಿಗೆ ಬಿಗಿಯುವ ದಾರಿಗಳು ಎರಡು. ಮೊದಲನೆಯದು ಐಸೋಫಿಕ್ಸ್: ಆಸನದ ಬೆನ್ನೂ ಕೂರುವ ಭಾಗವೂ ಕೂಡುವ ಸಂದಿನಲ್ಲಿ ಕಾರಿನ ಮೈಗೇ ಬೆಸೆದಿರುವ, ಆರು ಮಿಲಿಮೀಟರು ದಪ್ಪದ, ೨೮ ಸೆಂಟಿಮೀಟರು ಅಂತರದ ಎರಡು ಉಕ್ಕಿನ ಸರಳುಗಳು. ಸೀಟಿನ ಕೊಕ್ಕೆಗಳನ್ನು ಅವುಗಳಿಗೆ ಒತ್ತಿದರೆ ಟಕ್ಕನೆ ಕೂಡಿಕೊಳ್ಳುತ್ತವೆ. ತಪ್ಪಾಗಿ ಕಟ್ಟುವ ಸಂಭವ ಕಡಿಮೆಯೆಂಬುದೇ ಇದರ ಹೆಚ್ಚುಗಾರಿಕೆ. ೧೨೯ನೆಯ ನಿಯಮದಲ್ಲಿ ಸೀಟು ಮಗು ಎರಡೂ ಸೇರಿ ೩೩ ಕಿಲೋಗ್ರಾಮನ್ನು ಮೀರಬಾರದು. ಎರಡೇ ಸರಳುಗಳಾದರೆ ಡಿಕ್ಕಿಯಲ್ಲಿ ಸೀಟು ಅವುಗಳ ಸುತ್ತ ಮುಂದಕ್ಕೆ ಮುಗುಚುತ್ತದೆ. ಅದನ್ನು ತಡೆಯಲು ಮೂರನೆಯ ಹಿಡಿತ ಬೇಕು. ಸೀಟಿನ ನೆತ್ತಿಯಿಂದ ಹಿಂದಕ್ಕೆ ಹೋಗಿ ಕಾರಿಗೆ ಕೊಕ್ಕೆ ಹಾಕುವ ಮೇಲ್ಪಟ್ಟಿಯೋ, ನೆಲಕ್ಕೆ ಊರುವ ಕಾಲೋ ಆ ಕೆಲಸವನ್ನು ಮಾಡುತ್ತದೆ. ಮೇಲ್ಪಟ್ಟಿಯ ಬೆಲೆಯೇನೆಂಬುದಕ್ಕೆ ಅಮೆರಿಕದ ಮಾನಕವೇ ಸಾಕ್ಷಿ: ಮುಮ್ಮುಖ ಸೀಟಿನ ಪರೀಕ್ಷೆಯಲ್ಲಿ ಬೊಂಬೆಯ ತಲೆ ಮುಂದಕ್ಕೆ ಹೋಗಬಹುದಾದ ಮಿತಿ ಮೇಲ್ಪಟ್ಟಿಯಿಲ್ಲದೆ ೮೧೩ ಮಿಲಿಮೀಟರು, ಇದ್ದರೆ ೭೨೦. ಈ ಒಂಬತ್ತು ಸೆಂಟಿಮೀಟರು ಸಣ್ಣ ಕಾರಿನಲ್ಲಿ, ಮುಂದಿನ ಆಸನದ ಬೆನ್ನು ಮೂಗಿನ ಹತ್ತಿರ ಇರುವಾಗ, ತಲೆಗೆ ಪೆಟ್ಟು ಬೀಳುವುದಕ್ಕೂ ಬೀಳದಿರುವುದಕ್ಕೂ ಇರುವ ಅಂತರವಾಗಬಹುದು. ಹೀಗಿದ್ದರೂ ಎಷ್ಟೋ ಮನೆಗಳಲ್ಲಿ ಈ ಪಟ್ಟಿ ಸೀಟಿನ ಹಿಂದೆ ಜೋತುಬಿದ್ದಿರುವುದನ್ನು ಕಾಣಬಹುದು.

ಹಳೆಯ ಕಾರಿನಲ್ಲಿ ಐಸೋಫಿಕ್ಸ್ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಕಾರಿನ ಮೂರು ಬಿಂದುವಿನ ಬೆಲ್ಟಿನಿಂದಲೇ ಸೀಟನ್ನು ಭದ್ರವಾಗಿ ಕಟ್ಟಬಹುದು. ಇದು ಎರಡನೆಯ ದಾರಿ. ನಮ್ಮ ಕಾರುಗಳ ಬೆಲ್ಟು ಸಾಮಾನ್ಯವಾಗಿ ಹಠಾತ್ತಾಗಿ ಜಗ್ಗಿದಾಗ ಮಾತ್ರ ಕಚ್ಚಿಕೊಳ್ಳುವಂಥದು, ಉಳಿದ ವೇಳೆ ಸಡಿಲವಾಗಿ ಓಡಾಡುತ್ತದೆ. ಆದ್ದರಿಂದ ಬೆಲ್ಟನ್ನು ಹಿಡಿದು ನಿಲ್ಲಿಸುವ ಬೀಗ ಸೀಟಿನಲ್ಲಿಯೇ ಇದೆಯೇ ಎಂದು ನೋಡಬೇಕು. ಬೆಲ್ಟಿನ ಉದ್ದ ಸಾಕೇ ಎಂಬುದು ಮುಂದಿನ ಪ್ರಶ್ನೆ. ದೊಡ್ಡ ಸೀಟಿನ ಸುತ್ತ ಬಳಸಿ ಬರುವಾಗ ಪುಟ್ಟ ಕಾರಿನ ಬೆಲ್ಟು ನಾಲ್ಕು ಬೆರಳಿನಷ್ಟು ಸಾಲದೆ ಹೋಗುವುದುಂಟು. ಬಕಲ್ಲಿನ ಕಾಂಡ ಉದ್ದವಾಗಿದ್ದು, ಬಕಲ್ಲು ಸೀಟಿನ ಚೌಕಟ್ಟಿನ ಮೇಲೆಯೇ ಬಂದು ಕೂರುವಂತಿದ್ದರೆ ಆ ಸೀಟು ಆ ಕಾರಿಗೆ ಹೊಂದದು. ನೆಲಕ್ಕೆ ಕಾಲೂರುವ ಸೀಟಾದರೆ, ಕಾರಿನ ನೆಲದ ಕೆಳಗೆ ಟೊಳ್ಳಾದ ಪೆಟ್ಟಿಗೆಯಿದೆಯೇ ಎಂದು ಕಾರಿನ ಕೈಪಿಡಿಯಲ್ಲಿ ನೋಡಬೇಕು. ಇವನ್ನೆಲ್ಲ ಓದಿ ತಿಳಿಯುವುದಕ್ಕಿಂತ ಕಾರನ್ನು ಅಂಗಡಿಯ ಬಾಗಿಲಿಗೇ ಒಯ್ದು, ಸೀಟನ್ನು ಅದರೊಳಗೆ ಕಟ್ಟಿ ನೋಡಿಯೇ ಹಣ ಕೊಡುವುದು ಜಾಣತನ. ಒಪ್ಪದ ಅಂಗಡಿಯಿದ್ದರೆ ಬೇರೆ ಅಂಗಡಿಯೂ ಇರುತ್ತದೆ.

ಹೆಚ್ಚು ಬೆಲೆಯ ಸೀಟೇ ಹೆಚ್ಚು ಭದ್ರವೆಂಬ ಭ್ರಮೆ ಬೇಡ. ಮಾನಕದ ಚೀಟಿಯಿರುವ ಸಾಧಾರಣ ಸೀಟು ಕಾರಿಗೆ ಬಿಗಿಯಾಗಿ ಕೂತರೆ, ತೂಗಾಡುವ ದುಬಾರಿ ಸೀಟಿಗಿಂತ ಅದು ಮೇಲು. ಹೆಚ್ಚಿನ ಬೆಲೆಯಲ್ಲಿ ಬಹುಪಾಲು ಬಟ್ಟೆಗೆ, ಬಣ್ಣಕ್ಕೆ, ಲೋಟ ಇಡುವ ಗುಳಿಗೆ ಹೋಗುತ್ತದೆಯೆಂದು ನಮ್ಮ ಅನುಮಾನ.

ಬಿಗಿಯುವ ಕೆಲಸ

ಸೀಟಿನ ಮೇಲೆ ಮೊಣಕಾಲೂರಿ ದೇಹದ ಭಾರವನ್ನು ಬಿಟ್ಟು, ಆಮೇಲೆ ಬೆಲ್ಟನ್ನು ಎಳೆಯಬೇಕು. ಬೆಲ್ಟು ಹಾಯುವ ಸ್ಥಳದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿದರೆ ಅದು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಪಟ್ಟಿಯ ಹೆಗಲಿನ ಎಳೆಗಳು ಮುಮ್ಮುಖ ಸೀಟಿನಲ್ಲಿ ಮಗುವಿನ ಹೆಗಲಿನ ಮಟ್ಟದಿಂದಲೋ ತುಸು ಮೇಲಿನಿಂದಲೋ ಹೊರಡಬೇಕು. ಹಿಮ್ಮುಖ ಸೀಟಿನಲ್ಲಿ ಹೆಗಲಿನ ಮಟ್ಟದಿಂದಲೋ ತುಸು ಕೆಳಗಿನಿಂದಲೋ. ಈ ವ್ಯತ್ಯಾಸದ ಕಾರಣವನ್ನು ವಾಚಕರೇ ಯೋಚಿಸಬಹುದು: ಮುಂದಕ್ಕೆ ಮುಖ ಮಾಡಿದ ದೇಹ ಮುಂದಕ್ಕೆ ಜಗ್ಗುತ್ತದೆ, ಹಿಂದಕ್ಕೆ ಮುಖ ಮಾಡಿದ ದೇಹ ಸೀಟಿನ ಬೆನ್ನಗುಂಟ ಮೇಲಕ್ಕೆ ಜಾರುತ್ತದೆ. ಕೊನೆಗೆ ಹೆಗಲಿನ ಬಳಿ ಪಟ್ಟಿಯನ್ನು ಉದ್ದುದ್ದವಾಗಿ ಚಿವುಟಿ ನೋಡಬೇಕು. ಮಡಿಕೆ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲವೆಂದು ಅರ್ಥ. ಮಡಿಕೇರಿಯ ಚಳಿಯಲ್ಲಿ ದಪ್ಪನೆಯ ಸ್ವೆಟರಿನ ಮೇಲೆ ಪಟ್ಟಿ ಕಟ್ಟುವವರು ಪಟ್ಟಿಯನ್ನು ಬಿಗಿಯುವುದಿಲ್ಲ, ಸ್ವೆಟರನ್ನು ಬಿಗಿಯುತ್ತಾರೆ. ಪೆಟ್ಟು ಬಿದ್ದಾಗ ಉಣ್ಣೆ ಅಮರಿ, ಸಡಿಲ ಹೊರಬೀಳುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಹೊದಿಕೆ. ಬಿಸಿಲಿನಲ್ಲಿ ನಿಂತ ಕಾರಿನ ಬಕಲ್ಲು ಕಾಯ್ದ ಹಂಚಿನಂತೆ ಸುಡುವುದನ್ನೂ ಮರೆಯಬಾರದು. ಒಮ್ಮೆ ಸುಟ್ಟ ಮಗು ಮತ್ತೆ ಸೀಟಿನ ಹತ್ತಿರ ಸುಳಿಯದು.

ಮಗು ಅಳುತ್ತದೆ. ಮೊದಲ ನಾಲ್ಕಾರು ಪ್ರಯಾಣಗಳಲ್ಲಿ ಬಹಳವಾಗಿಯೇ ಅಳುತ್ತದೆ. ಅಷ್ಟರಲ್ಲಿ ಅಜ್ಜಿಯ ಮಾತು ಬರುತ್ತದೆ: “ಪಾಪ, ಕೂಸನ್ನ ಯಾಕೋ ಹಂಗೆ ಕಟ್ಟಿಹಾಕ್ತೀಯ, ಇಲ್ಲಿ ಕೊಡು, ನಾನು ಎತ್ಕೋತೀನಿ.” ಅಜ್ಜಿಯ ಮಾತಿಗೆ ಎದುರಾಡುವುದು ಯಾರಿಗೂ ಸುಲಭವಲ್ಲ. ನಾಲ್ಕು ಸಿಮೆಂಟು ಮೂಟೆಯ ಲೆಕ್ಕವನ್ನು ಅಜ್ಜಿಗೆ ಹೇಳಿ ನೋಡಬಹುದು. ಮೂರನೆಯ ಅಂತಸ್ತಿನ ತಾರಸಿಯ ಮಾತು ಇನ್ನೂ ಬೇಗ ಮನಸ್ಸಿಗೆ ಹತ್ತೀತು. ಮನೆಯಿಂದ ತರಕಾರಿ ಅಂಗಡಿಗೆ ಹೋಗುವಾಗಲೂ ಬಿಡದೆ ಕಟ್ಟಿದ ಮಕ್ಕಳು ಕೆಲವೇ ವಾರಗಳಲ್ಲಿ ತಾವೇ ಪಟ್ಟಿಗೆ ಕೈ ನೀಡುತ್ತವೆ. ಒಂದು ದಿನ ಕಟ್ಟಿ ಒಂದು ದಿನ ಬಿಟ್ಟರೆ ಅಳು ನಿಲ್ಲುವುದೇ ಇಲ್ಲ.

ಇಷ್ಟೆಲ್ಲ ಶ್ರಮದಿಂದ ಆಗುವ ಲಾಭವೆಷ್ಟು? ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ ಕಾರುಗಳಲ್ಲಿ ಮಕ್ಕಳ ಸೀಟಿನ ಬಳಕೆಯಿಂದ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿನ ಸಂಭವ ನೂರಕ್ಕೆ ೫೪ರಷ್ಟು, ಶಿಶುಗಳದು ೭೧ರಷ್ಟು ಕಡಿಮೆಯಾಗುತ್ತದೆ. ನಮ್ಮಲ್ಲಿ ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಗೆ ಸೇರಿದ ೧೯೪-ಬಿ ಪ್ರಕರಣ, ಹದಿನಾಲ್ಕು ವರ್ಷ ತುಂಬದವರನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದರೆ ಸಾವಿರ ರೂಪಾಯಿ ದಂಡ ವಿಧಿಸುತ್ತದೆ. ‘ಆಗಲಿ, ಆಗಲಿ’ ಎಂದು ಕಾಯಿದೆ ಎರಡನ್ನೂ ಸಮನಾಗಿ ನೋಡುತ್ತದೆ. ನಾಲ್ಕು ವರ್ಷದ ಮಗುವಿನ ಸೊಂಟದ ಎಲುಬು ಹಾಗೆ ನೋಡುವುದಿಲ್ಲ.

ಬೆಲೆಯ ಕಾರಣದಿಂದ ಬಂಧುಗಳ ಮನೆಯ ಹಳೆಯ ಸೀಟನ್ನು ತರುವವರಿಗೆ ಎರಡು ಮಾತು. ಸೀಟಿನ ತಳದಲ್ಲಿ ತಯಾರಾದ ವರ್ಷವೂ ಮಾನಕದ ಗುರುತೂ ಇರುತ್ತವೆ. ಚೀಟಿ ಹರಿದುಹೋಗಿದ್ದರೆ, ತಯಾರಕರು ಹೇಳಿದ ಅವಧಿ ಮುಗಿದಿದ್ದರೆ ಬೇಡವೆನ್ನಬೇಕು. ಕಾರಿನೊಳಗಿನ ಬಿಸಿಲಿಗೆ ಪ್ಲಾಸ್ಟಿಕ್ಕು ವರ್ಷ ವರ್ಷಕ್ಕೂ ಪೆಡಸಾಗುತ್ತದೆ. ಆ ಸೀಟು ದೊಡ್ಡ ಅಪಘಾತವೊಂದನ್ನು ಕಂಡಿದ್ದರೆ, ಹೊರಗೆ ಒಂದು ಗೀರೂ ಕಾಣದಿದ್ದರೂ, ಅದರ ಚೌಕಟ್ಟು ಒಳಗೆ ಬಿರುಕು ಬಿಟ್ಟಿರಬಹುದು, ಪಟ್ಟಿಯ ನೂಲು ಹಿಗ್ಗಿರಬಹುದು. ಅದನ್ನು ಗುಜರಿಗೆ ಹಾಕುವ ಮೊದಲು ಪಟ್ಟಿಗಳನ್ನೆಲ್ಲ ಕತ್ತರಿಸಿಬಿಡಬೇಕು. ಇಲ್ಲದಿದ್ದರೆ ಯಾರೋ ಅದನ್ನು ಒರೆಸಿ, ಇನ್ನೊಂದು ಮಗುವನ್ನು ಅದರಲ್ಲಿ ಕೂರಿಸುತ್ತಾರೆ.